ಯಕೃತ್ ರೋಗಿಯ ಏದುಸಿರಿಗೆ ಮಾತ್ರೆ ಸಾಲದು

ಮಾನ್ಯರೇ,

ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರಿಗೆ ಮಲಗಿದಾಗ ಉಸಿರು ಸರಾಗವಾಗಿದ್ದು, ಎದ್ದು ಕೂತೊಡನೆ ಏದುಸಿರು ಬಂದರೆ ಅದನ್ನು ನಿಶ್ಶಕ್ತಿ ಎಂದು ತಳ್ಳಿಹಾಕಬೇಡಿ. ಯಕೃತ್ತಿನ ಕಾಯಿಲೆಯಿಂದ ಶ್ವಾಸಕೋಶಕ್ಕೆ ಬರುವ ತೊಂದರೆ, ಅಂದರೆ ಹೆಪಟೊಪಲ್ಮನರಿ ಸಿಂಡ್ರೋಮ್ ಇರಬಹುದು. ಯಕೃತ್ತು ಕೆಟ್ಟಾಗ ಶ್ವಾಸಕೋಶದಲ್ಲಿ ರಕ್ತನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ. ಸಾಮಾನ್ಯವಾಗಿ 8–15 ಮೈಕ್ರಾನ್ ಇರುವ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) 100 ಮೈಕ್ರಾನ್‌ವರೆಗೂ ಹಿಗ್ಗಿ, ರಕ್ತವು ಸಾಕಷ್ಟು ಆಮ್ಲಜನಕ ಪಡೆಯದೇ ದಾಟಿಬಿಡುತ್ತದೆ.

ಪಲ್ಸ್ ಆಕ್ಸಿಮೀಟರ್‌ನಲ್ಲಿ ಮಲಗಿ ಒಮ್ಮೆ, ಕೆಲವು ನಿಮಿಷ ನಿಂತು ಇನ್ನೊಮ್ಮೆ ಅಳೆಯಿರಿ. ನೇಲ್ ಪಾಲಿಶ್ ಅಥವಾ ತಣ್ಣಗಿನ ಬೆರಳು ಲೆಕ್ಕ ತಪ್ಪಿಸುತ್ತದೆ. ಶೇ 96ಕ್ಕಿಂತ ಕಡಿಮೆ ಬಂದರೆ ಅಪಧಮನಿ ರಕ್ತದ ಅನಿಲ ಪರೀಕ್ಷೆ ಮತ್ತು ಬಬಲ್ ಎಕೋ (ಗುಳ್ಳೆಗಳನ್ನು ಬಳಸಿ ಮಾಡುವ ಹೃದಯದ ಸ್ಕ್ಯಾನ್) ಬೇಕು. ಕುಲುಕಿ ರಕ್ತನಾಳಕ್ಕೆ ಚುಚ್ಚಿದ ಸಲೈನ್‌ನ ಗುಳ್ಳೆಗಳು ಹೃದಯದ ಬಲಭಾಗ ತಲುಪಿ ಮೂರು ಬಡಿತಗಳ ನಂತರ ಎಡಭಾಗದಲ್ಲೂ ಕಂಡರೆ, ಶ್ವಾಸಕೋಶದ ನಾಳಗಳು ಹಿಗ್ಗಿವೆ ಎಂದರ್ಥ. ಆಕ್ಸಿಮೀಟರ್ ಅಂಕಿ ಸರಿಯಿದ್ದರೂ ಏದುಸಿರಿದ್ದರೆ ಈ ಪರೀಕ್ಷೆಗಳನ್ನು ಬಿಡಬಾರದು.

ಆಂಟಿ ಆಕ್ಸಿಡೆಂಟ್‌ಗಳ ಮೇಲೆ ಈಗ ಬಹಳ ಭರವಸೆ ಕಾಣುತ್ತಿದೆ. ಪ್ರಯೋಗಕ್ಕೆಂದು ಪಿತ್ತನಾಳ ಕಟ್ಟಿದ ಇಲಿಗಳಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆಂಟಿ ಆಕ್ಸಿಡೆಂಟ್ ಶ್ವಾಸಕೋಶದ ಹಾನಿಯನ್ನು ತಗ್ಗಿಸಿದ್ದು ನಿಜ. ಆದರೆ ಮನುಷ್ಯರಲ್ಲಿ ಗಟ್ಟಿ ಪುರಾವೆಯಿಲ್ಲ. ನೀರಿನಲ್ಲಿ ಬುರುಗೇಳುವ ಅದರ ಮಾತ್ರೆಗಳಲ್ಲಿ ಸೋಡಿಯಂ ಇರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಉಪ್ಪು ಬಿಟ್ಟವರಿಗೆ ಇದೇ ಮುಳುವಾದೀತು. ಹೆಚ್ಚು ಪ್ರಮಾಣದ ವಿಟಮಿನ್ ಎ ಯಕೃತ್ತಿಗೇ ವಿಷ. ಪ್ಲೇಟ್‌ಲೆಟ್ ಕಡಿಮೆ ಇರುವವರಲ್ಲಿ ಬೆಳ್ಳುಳ್ಳಿ ಕ್ಯಾಪ್ಸೂಲ್ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು.

ತಾತ್ಕಾಲಿಕ ನೆರವಿಗೆ ಆಮ್ಲಜನಕ, ಗುಣಪಡಿಸಲು ಯಕೃತ್ ಕಸಿ. ಕಸಿಯ ನಂತರವೂ ಉಸಿರಾಟ ಪೂರ್ತಿ ಸುಧಾರಿಸಲು ತಿಂಗಳುಗಳೇ ಬೇಕು. ಹಾಗಾಗಿ ಅನಿಲ ಪರೀಕ್ಷೆಯಲ್ಲಿ ಆಮ್ಲಜನಕದ ಒತ್ತಡ 60 ಎಂಎಂಎಚ್‌ಜಿಗಿಂತ ಕೆಳಗಿಳಿಯುವ ಮುನ್ನವೇ ಕಸಿ ಕೇಂದ್ರಕ್ಕೆ ತೋರಿಸಿ, ಕರ್ನಾಟಕದಲ್ಲಾದರೆ ರಾಜ್ಯದ ಅಂಗಾಂಗ ಕಸಿ ಸಂಸ್ಥೆಯಾದ ಜೀವಸಾರ್ಥಕತೆಯ ನೋಂದಣಿಯ ಬಗ್ಗೆ ಅಲ್ಲಿಯೇ ವಿಚಾರಿಸಿ.

– ಇಬ್ಬರು ವೈದ್ಯರು, ಮೈಸೂರು