ಬರುವ ಹತ್ತಿ ಸುಗ್ಗಿಗೆ ಮುನ್ನ ನಮ್ಮ ಅಗ್ನಿಶಾಮಕ ವಾಹನಗಳನ್ನು ಒಮ್ಮೆ ನೋಡಿ

ಮಾನ್ಯ ಗೃಹ ಸಚಿವರಿಗೆ,

ರಾಯಚೂರು ಜಿಲ್ಲೆಯಿಂದ ಒಬ್ಬ ಗುಮಾಸ್ತನ ನಮಸ್ಕಾರಗಳು. ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಊರಿನಲ್ಲಿ ನಾಲ್ಕೆಕರೆ ಹೊಲವಿದೆ, ಒಂದು ಜೊತೆ ಎತ್ತುಗಳಿವೆ. ಹೀಗಾಗಿ ಬೆಂಕಿಯ ಭಯ ನನಗೆ ವರ್ಷದ ಬಹುಪಾಲು ಬಿಟ್ಟಿದ್ದಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಿಲ್ಲಿನ ಅಂಗಳದ ಹತ್ತಿ ರಾಶಿಯ ಚಿಂತೆ; ಅಲ್ಲಿಂದ ಮುಂಗಾರು ಬೀಳುವವರೆಗೆ ಊರ ಹೊರಗಿನ ಮೇವಿನ ಬಣವೆಯ ಚಿಂತೆ.

ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ತಮ್ಮ ಸುಪರ್ದಿಯಲ್ಲಿದೆ. ಅದರ ಸಿಬ್ಬಂದಿಯ ಮೇಲೆ ನನಗೆ ಒಂದು ದೂರೂ ಇಲ್ಲ. ಅವರ ಕೈಗೆ ಕೊಟ್ಟಿರುವ ಹಳೆಯ ವಾಹನಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ರಾತ್ರಿ ನಡೆದದ್ದನ್ನು ಹೇಳಬೇಕು. ಹೊಲದಿಂದ ಬಿಡಿಸಿ ತಂದ ಹತ್ತಿಯಲ್ಲಿ ಸಣ್ಣ ಕಲ್ಲೋ ಕಬ್ಬಿಣದ ಚೂರೋ ಸೇರಿಕೊಂಡು ಯಂತ್ರದ ರೋಲರಿಗೆ ಸಿಕ್ಕರೆ ಕಿಡಿ ಏಳುತ್ತದೆ. ಆ ಕಿಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅರಳೆಯೊಳಗೆ ಅಡಗಿ ಕುಳಿತು, ಎಷ್ಟೋ ಹೊತ್ತಿನ ಮೇಲೆ ರಾಶಿಯ ಹೊಟ್ಟೆಯಿಂದ ಹೊಗೆಯಾಗಿ ಹೊರಬರುತ್ತದೆ. ಅಂದು ಕಾವಲುಗಾರ ಕೂಗಿಕೊಂಡ, ನಾವು ಫೋನ್ ಮಾಡಿದೆವು, ವಾಹನ ಬಂತು. ಬರಲು ತಡವಾಯಿತು. ಏಕೆಂದು ಚಾಲಕರೇ ಬೆಳಗಿನ ಜಾವ ಚಹಾ ಕುಡಿಯುತ್ತ ಹೇಳಿದರು. ವಯಸ್ಸಾದ ಲಾರಿಯಲ್ಲಿ ಬ್ರೇಕಿನ ಗಾಳಿ ನಿಂತಲ್ಲೇ ಸೋರಿ ಇಳಿದುಹೋಗಿರುತ್ತದೆ. ಇಂಜಿನ್ ಚಾಲೂ ಮಾಡಿ, ಮತ್ತೆ ಗಾಳಿ ತುಂಬುವವರೆಗೆ ಠಾಣೆಯ ಅಂಗಳದಲ್ಲೇ ಆಕ್ಸಲರೇಟರ್ ಒತ್ತುತ್ತ ಕಾಯಬೇಕು. ನಾಲ್ಕೂವರೆ ಟನ್ ನೀರು ಹೊತ್ತ ಗಾಡಿಯನ್ನು ಬ್ರೇಕಿಲ್ಲದೆ ರಸ್ತೆಗೆ ಇಳಿಸುವ ಧೈರ್ಯ ಯಾರಿಗಿದೆ?

ನಿಜವಾದ ಸಂಕಟ ಶುರುವಾದದ್ದು ಟ್ಯಾಂಕ್ ಬರಿದಾದ ಮೇಲೆ. ಇಂಥ ವಾಹನದಲ್ಲಿ ಸಾಮಾನ್ಯವಾಗಿ 4500 ಲೀಟರ್ ನೀರಿರುತ್ತದೆ. ಪಂಪು ನಿಮಿಷಕ್ಕೆ 1800 ಲೀಟರಿನಂತೆ ಪೂರ್ತಿ ವೇಗದಲ್ಲಿ ನೀರು ಬಿಟ್ಟರೆ ಎರಡೂವರೆ ನಿಮಿಷಕ್ಕೆ ಎಲ್ಲವೂ ಮುಗಿಯುತ್ತದೆ. ಆಮೇಲೆ ಬಾವಿಯಿಂದಲೋ ಕಾಲುವೆಯಿಂದಲೋ ನೀರೆಳೆದುಕೊಳ್ಳಬೇಕು. ಅದಕ್ಕೆ ಮೊದಲು ಪೈಪಿನೊಳಗಿನ ಗಾಳಿಯನ್ನು ಪ್ರೈಮರ್ ಎಂಬ ಭಾಗ ಹೊರಹಾಕಬೇಕು. ಕೂಡುವಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಹೊರಗಿನ ಗಾಳಿ ನುಗ್ಗುತ್ತದೆ, ನೀರು ಮೇಲೇರುವುದಿಲ್ಲ.

ನಮ್ಮ ಮಿಲ್ಲಿನ ಹಿಂದೆ ತುಂಬಿದ ತೊಟ್ಟಿಯಿತ್ತು. ಪೈಪ್ ಇಳಿಬಿಟ್ಟರು. ಇಂಜಿನ್ ಅರಚಿತು, ನೀರು ಬರಲಿಲ್ಲ. ನಡುವಯಸ್ಸಿನ ಸಿಬ್ಬಂದಿಯೊಬ್ಬರು ಪ್ಯಾಂಟಿನ ಜೇಬಿನಿಂದ ಸೈಕಲ್ ಟ್ಯೂಬಿನ ಪಟ್ಟಿ ತೆಗೆದು ಪೈಪ್ ಕೂಡುವಲ್ಲಿ ಬಿಗಿಯಾಗಿ ಸುತ್ತಿದರು, ಮೇಲೆ ನೆನೆಸಿದ ಗೋಣಿ ಕಟ್ಟಿದರು. ಮತ್ತೆ ಯತ್ನಿಸಿದರು, ಬರಲಿಲ್ಲ. ಬಿಚ್ಚಿ ಇನ್ನೊಮ್ಮೆ ಸುತ್ತಿದರು. ಮೂರನೆಯ ಸಲ ಪೈಪು ಕೆಮ್ಮಿ ನೀರು ಕಕ್ಕಿತು. ಆ ಟ್ಯೂಬಿನ ಪಟ್ಟಿಯನ್ನು ನಾನು ಮರೆತಿಲ್ಲ. ಅದನ್ನು ಅಳತೆಗೆ ಕತ್ತರಿಸಿ, ಮಡಿಚಿ, ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದರು. ಪೈಪು ಸೋರುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ಅಷ್ಟರಲ್ಲಿ ಬೆಂಕಿ ರಾಶಿಯಿಂದ ಅಂಡಿಗೆಗಳ ಸಾಲಿಗೆ ದಾಟಿತ್ತು. 170 ಕಿಲೊ ಅರಳೆಯನ್ನು ಕಲ್ಲಿನಂತೆ ಒತ್ತಿ ಕಟ್ಟಿದ ಅಂಡಿಗೆಯೊಳಕ್ಕೆ ನೀರು ಇಳಿಯುವುದಿಲ್ಲ. ಹೊರಗೆ ಆರಿದಂತೆ ಕಂಡರೂ ಒಳಗೆ ಹೊಗೆಯಾಡುತ್ತಲೇ ಇರುತ್ತದೆ. ಒಂದೊಂದನ್ನೂ ಹಮಾಲರು ಕೊಕ್ಕೆ ಹಾಕಿ ಎಳೆದು, ಪಟ್ಟಿ ಕಡಿದು, ಬಿಡಿಸಿ ನೆನೆಸಬೇಕಾಯಿತು. ಎರಡು ಹಗಲು, ಎರಡು ರಾತ್ರಿ ಹಿಡಿಯಿತು.

ಮಿಲ್ಲಿಗಾದರೂ ವಿಮೆ ಇರುತ್ತದೆ. ಬಣವೆಗೆ ಏನಿದೆ? ಜೋಳದ ಕಣಿಕೆಯ ಒಂದು ಬಣವೆ ಎಂದರೆ ಒಂದು ಜೊತೆ ಎತ್ತಿಗೆ ವರ್ಷದ ಮೇವು. ಏಪ್ರಿಲ್ ಬಿಸಿಲಿಗೆ ಅದು ಸೀಮೆಎಣ್ಣೆ ಸುರಿದಂತೆ ಉರಿಯುತ್ತದೆ. ಒಂದಕ್ಕೆ ತಗುಲಿದರೆ ಗಾಳಿ ಬೀಸಿದತ್ತ ಸಾಲಾಗಿ ಹೋಗುತ್ತದೆ. ಮೇವು ಹೋದ ಮನೆಯವರು ಮುಂಗಾರಿಗೆ ಮೊದಲೇ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ನಮ್ಮ ಜಿಲ್ಲೆಯ ಹರವು ತಮಗೆ ತಿಳಿದದ್ದೇ. ರಾಯಚೂರಿನಿಂದ ಸಿಂಧನೂರಿಗೂ ಲಿಂಗಸುಗೂರಿಗೂ 80 ಕಿಲೊಮೀಟರಿಗಿಂತ ಹೆಚ್ಚು ದೂರ. ಒಂದು ತಾಲ್ಲೂಕಿನ ಗಾಡಿ ಕೆಟ್ಟು ನಿಂತರೆ ಪಕ್ಕದ ತಾಲ್ಲೂಕಿನದು ಬರುವವರೆಗೆ ಉಳಿಯುವುದು ಬೂದಿಯೇ.

ಈಗ ನಿಯಮದ ವಿಷಯ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಬಾರದೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸುದ್ದಿ ಓದಿದ ದಿನ ನನಗೆ ಸಂತೋಷವಾಯಿತು. ರಾತ್ರಿ ಯೋಚಿಸುತ್ತ ಮಲಗಿದಾಗ ಹೆದರಿಕೆಯೂ ಆಯಿತು. ಸೋರುವ ಗಾಡಿಯನ್ನು ಗುಜರಿಗೆ ಕಳಿಸಿ ಅದರ ಜಾಗ ಖಾಲಿ ಬಿಟ್ಟರೆ ನಮಗೆ ಟ್ಯೂಬಿನ ಪಟ್ಟಿ ಸುತ್ತುವ ಅವಕಾಶವೂ ಉಳಿಯುವುದಿಲ್ಲ. ಸರ್ಕಾರಿ ನೌಕರ ಯಾವ ತಿಂಗಳು ನಿವೃತ್ತನಾಗುತ್ತಾನೆ ಎಂಬುದು ಅವನು ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುತ್ತದೆ. ವಾಹನದ್ದೂ ಹಾಗೆಯೇ. ಚಾಸಿ ಖರೀದಿ, ಟೆಂಡರ್, ಟ್ಯಾಂಕು ಪಂಪುಗಳ ಜೋಡಣೆ, ತಪಾಸಣೆ ಎಂದು ಹೊಸ ಅಗ್ನಿಶಾಮಕ ವಾಹನ ಕೈಸೇರಲು ತಿಂಗಳುಗಟ್ಟಲೆ ಬೇಕು. ಹಾಗಿದ್ದ ಮೇಲೆ ಹದಿಮೂರನೆಯ ವರ್ಷದಲ್ಲೇ ಬದಲಿ ವಾಹನದ ಕಡತ ಏಕೆ ಹೊರಡಬಾರದು?

ಇವು ಹೆಚ್ಚು ಓಡಿಲ್ಲ, ಮೀಟರಿನಲ್ಲಿ ಕಿಲೊಮೀಟರ್ ಕಡಿಮೆಯಿದೆ ಎಂದು ಯಾರಾದರೂ ತಮಗೆ ಹೇಳಬಹುದು. ದಯವಿಟ್ಟು ಒಪ್ಪಬೇಡಿ. ನಮ್ಮ ಮಿಲ್ಲಿನಲ್ಲಿ ಆ ಗಾಡಿ ಎರಡು ದಿನ ಒಂದಿಂಚೂ ಚಲಿಸದೆ ಗಂಟೆಗಟ್ಟಲೆ ಪಂಪು ತಿರುಗಿಸಿತು. ಆ ಸವೆತವನ್ನು ಮೀಟರು ತೋರಿಸುವುದಿಲ್ಲ.

ಹಣವಿಲ್ಲ ಎಂಬ ಮಾತನ್ನು ನಂಬುವುದು ಕಷ್ಟ. ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದೇ ಕೇಂದ್ರ ಸರ್ಕಾರ 2023ರಲ್ಲಿ 5000 ಕೋಟಿ ರೂಪಾಯಿಯ ಯೋಜನೆ ತಂದಿದೆ. ಇತ್ತ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5000 ಕೋಟಿ ರೂಪಾಯಿ ಘೋಷಿಸಿದ್ದಾರೆ. ಬೆಂಗಳೂರಿಗೆ 2023ರಲ್ಲಿ 90 ಮೀಟರ್ ಎತ್ತರದ ಏಣಿ ವಾಹನ ಬಂದಾಗ ನಾವೂ ಹೆಮ್ಮೆಪಟ್ಟೆವು. ಬಹುಮಹಡಿ ಕಟ್ಟಡಗಳಲ್ಲಿ ಇರುವವರ ಜೀವವೂ ಜೀವವೇ. ನಮಗೆ ಬೇಕಿರುವುದು ಅಷ್ಟು ದೊಡ್ಡದಲ್ಲ. ಕರೆದ ಕೂಡಲೇ ಹೊರಡುವ, ಬಾವಿಗೆ ಪೈಪ್ ಬಿಟ್ಟರೆ ಮೊದಲ ಸಲಕ್ಕೇ ನೀರೆಳೆಯುವ ಗಾಡಿ ಸಾಕು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಪ್ರತಿ ಠಾಣೆಯ ಪ್ರತಿ ವಾಹನದ ವಯಸ್ಸು, ಪಂಪಿನ ಸ್ಥಿತಿ, ಬದಲಿ ವಾಹನ ಬರುವ ತಿಂಗಳು, ಇಷ್ಟನ್ನು ಠಾಣೆಯ ಬಾಗಿಲಲ್ಲೇ ಫಲಕದಲ್ಲಿ ಬರೆಸಿ. ಹೊಸದು ಬಂದು ನಿಲ್ಲುವವರೆಗೆ ಹಳೆಯದನ್ನು ಕಳಿಸಬೇಡಿ. ಕಳಿಸಲೇಬೇಕಾದರೆ ಬೇರೆ ಜಿಲ್ಲೆಯಿಂದ ಒಂದನ್ನು ತಾತ್ಕಾಲಿಕವಾಗಿ ನಿಯೋಜಿಸಿ. ಎಲ್ಲ ಠಾಣೆಗಳಿಗೂ ಒಮ್ಮೆಲೇ ಆಗದಿದ್ದರೆ ಹತ್ತಿ ಮಿಲ್ಲು, ಅಕ್ಕಿ ಗಿರಣಿಗಳು ಹೆಚ್ಚಿರುವ ತಾಲ್ಲೂಕುಗಳಿಂದ ಆರಂಭಿಸಿ. ಹೀರುವ ಪೈಪು, ಅದರ ವಾಷರುಗಳಂಥ ಸಣ್ಣ ಸಾಮಗ್ರಿಯನ್ನು ಠಾಣೆಯ ಮಟ್ಟದಲ್ಲೇ ಕೊಳ್ಳುವ ಅಧಿಕಾರವನ್ನು ಈ ತಿಂಗಳೇ ಕೊಡಿ. ಅದಕ್ಕೆ ಯಾವ ಟೆಂಡರೂ ಬೇಕಾಗದು.

ಪ್ರತಿ ವರ್ಷ ಏಪ್ರಿಲ್ 14ರಂದು, 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯನ್ನು ಇಲಾಖೆ ನೆನೆಯುತ್ತದೆ. ಆ ವಾರ ವಾಹನಗಳನ್ನು ತೊಳೆದು, ಶಾಲಾ ಮಕ್ಕಳೆದುರು ನೀರು ಚಿಮ್ಮಿಸಿ ತೋರಿಸುತ್ತಾರೆ. ಮುಂದಿನ ಬಾರಿ ತಾವು ನಮ್ಮ ಕಡೆಯ ಒಂದು ಠಾಣೆಗೆ ಬನ್ನಿ. ತುಂಬಿದ ಟ್ಯಾಂಕಿನಿಂದ ನೀರು ಚಿಮ್ಮಿಸುವುದನ್ನು ನೋಡಬೇಡಿ, ಬಾವಿಯಿಂದ ಎಳೆದು ತೋರಿಸಲು ಹೇಳಿ.

ಅಕ್ಟೋಬರ್ ಕೊನೆಗೆ ಮೊದಲ ಹತ್ತಿ ಗಾಡಿಗಳು ನಮ್ಮ ಮಿಲ್ಲಿನ ಅಂಗಳಕ್ಕೆ ಬರುತ್ತವೆ. ಅದಕ್ಕೂ ಮೊದಲು ತಮ್ಮ ಉತ್ತರ ಬರಲೆಂದು ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಾಯಚೂರು ಜಿಲ್ಲೆಯ ಒಬ್ಬ ಮಿಲ್ ಗುಮಾಸ್ತ