ಎಂ.ಎ. ಪದವಿಯ ಜೊತೆಗೆ ಕರಣೆಯನ್ನೂ ಕೊಡಿ

ಮಾನ್ಯರೇ,

ಪುರಾತತ್ತ್ವದಲ್ಲಿ ಎಂ.ಎ. ಮುಗಿಸಿದ ಅನೇಕರು ಒಂದು ದಿನವೂ ಕರಣೆ ಹಿಡಿದು ಮಣ್ಣು ಕೆರೆದಿರುವುದಿಲ್ಲ. ಉತ್ಖನನಕ್ಕೆ ಕೇಂದ್ರದ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು, ಹಣ ಬೇಕು ಅನ್ನುತ್ತಾರೆ. ನಿಜವೇ. ಆದರೆ ಅಗೆಯುವುದನ್ನು ಕಲಿಯಲು ಪ್ರಾಚೀನ ನೆಲೆಯೇ ಆಗಬೇಕೆಂದಿಲ್ಲ. ಕ್ಯಾಂಪಸ್ಸಿನ ಮೂಲೆಯಲ್ಲಿ ಗುಂಡಿ ತೋಡಿ, ಒಡೆದ ಮಡಕೆ, ಇದ್ದಿಲು, ಬೂದಿ, ಮೂಳೆಗಳನ್ನು ಪದರ ಪದರವಾಗಿ ಹಾಕಿ ಮುಚ್ಚಿ, ಒಂದು ಮಳೆಗಾಲ ಬಿಟ್ಟರೆ ಸಾಕು. ಒಳಗೇನಿದೆ ಎಂಬುದು ಮೇಷ್ಟರಿಗೆ ಗೊತ್ತಿರುತ್ತದೆ, ತಪ್ಪಾದಲ್ಲಿ ತೋರಿಸಬಹುದು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಪ್ರಾಚೀನ ನೆಲೆ ಬ್ರಹ್ಮಗಿರಿಯನ್ನು ಅಗೆದ ಪುರಾತತ್ತ್ವಜ್ಞ ವೀಲರ್‌ಗೂ ಆ ಅನುಕೂಲ ಇರಲಿಲ್ಲ!

ಐದು ಮೀಟರ್ ಚೌಕ ಹಾಕುವಾಗಲೇ ಪರೀಕ್ಷೆ ಶುರು. ನಾಲ್ಕೂ ಬದಿ ಸರಿಯಿದ್ದರೂ ಮೂಲೆ ಸೊಟ್ಟಗಿರಬಹುದು, ಕರ್ಣ 7.07 ಮೀಟರ್ ಬಂದ ಮೇಲೆಯೇ ಗೂಟ ಹೊಡೆಯಬೇಕು. ಸುತ್ತ ಅರ್ಧ ಮೀಟರ್ ಬದು ಬಿಟ್ಟು ಒಳಗೆ ಅಗೆಯಬೇಕು. ಗುಂಡಿಯ ಗೋಡೆ ತೂಗುಗುಂಡಿಗೆ ನೇರವಿರಲಿ, ಪದರಗಳನ್ನು ಓದುವುದು ಅದರಲ್ಲೇ. ಪದರ ಓರೆಯಾಗಿದ್ದರೂ ಹತ್ತು ಹತ್ತು ಸೆಂಟಿಮೀಟರ್ ಮಟ್ಟಸವಾಗಿ ಇಳಿದರೆ ಎರಡು ಕಾಲದ ಬೋಕಿಗಳು (ಮಡಕೆ ಚೂರುಗಳು) ಒಂದೇ ಚೀಲ ಸೇರುತ್ತವೆ.

ಎರೆನೆಲದ ಕಾಟವೇ ಬೇರೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟಾಗ ಮೇಲಿನ ಮಣಿ, ಚೂರುಗಳು ಬಿರುಕಿನಲ್ಲಿ ಕೆಳಗಿಳಿಯುತ್ತವೆ. ಇಲಿ ಬಿಲದ್ದೂ ಅದೇ ಕಥೆ. ಬಿಲದ ಮಣ್ಣು ಸಡಿಲ, ಬಣ್ಣವೂ ಬೇರೆ. ಅದನ್ನು ಮೊದಲೇ ತೆಗೆದು ಬೇರೆ ಚೀಲಕ್ಕೆ ಹಾಕದಿದ್ದರೆ ನವಶಿಲಾಯುಗದ ಪದರದಲ್ಲಿ ಗಾಜಿನ ಬಳೆ ‘ಸಿಗುತ್ತದೆ’. ಒಳಗಿನ ಇಂಗಾಲದಿಂದ ಕಾಲನಿರ್ಣಯ ಮಾಡುವ ಇದ್ದಿಲನ್ನು ಬರಿಗೈಯಲ್ಲಿ ಮುಟ್ಟದೆ ಕರಣೆ ತುದಿಯಿಂದ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಹತ್ತಿಯಲ್ಲಿಟ್ಟರೆ ಅದರ ಎಳೆಗಳ ಹೊಸ ಇಂಗಾಲ ಸೇರಿ ಕಾಲ ಈಚೆಗೆ ಜರುಗುತ್ತದೆ.

ಇನ್ನು ಮಾನವಶಾಸ್ತ್ರ. ಅದನ್ನು ಬೇರೆ ಕಟ್ಟಡದಲ್ಲಿ ಕೂರಿಸಿದ್ದೇವೆ. ಬಳ್ಳಾರಿ ಬಳಿಯ ಕುಡತಿನಿಯ ಬೂದಿದಿಬ್ಬವನ್ನು ಸುಟ್ಟ ಸಗಣಿಯ ರಾಶಿ ಎಂದು ಪಾಠ ಹೇಳುತ್ತೇವೆ. ಇಂಥದ್ದೇ ದಿಬ್ಬವನ್ನು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಪುರಾತತ್ತ್ವಜ್ಞ ಆಲ್ಚಿನ್ 1957ರಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿಯಲ್ಲಿ ಸಗಣಿ ಎಷ್ಟು ಬೇಗ ಏರುತ್ತದೆ, ಬೇಲಿಗೂಟ ಎಲ್ಲಿ ನೆಡುತ್ತಾರೆ, ದನಗಳನ್ನು ಯಾವ ಬಾಗಿಲಲ್ಲಿ ಹೊಡೆಯುತ್ತಾರೆ ಎಂದು ದನಗಾಹಿಗಳ ಹತ್ತಿರ ಕೂತು ಕೇಳದವರಿಗೆ ಅಂಥ ಗುರುತು ಬರೀ ಹಳ್ಳವಾಗಿ ಕಂಡೀತು, ಕರಣೆಯ ಒಂದೇ ಎಳೆತಕ್ಕೆ ಅಳಿಸಿಯೂ ಹೋದೀತು.

ಎರಡೂ ವಿಭಾಗದ ವಿದ್ಯಾರ್ಥಿಗಳನ್ನು ಒಂದೇ ಗುಂಡಿಗೆ ಇಳಿಸಲಿ. ಪ್ರವಾಸದ ವರದಿಗೆ ಕೊಡುವ ಅಂಕಗಳನ್ನು ಗುಂಡಿಯ ಪಕ್ಕ ಕೂತು ಬರೆದ ದಿನಚರಿಗೂ ಗೋಡೆಯ ನಕ್ಷೆಗೂ ಕೊಡಲಿ.

– ನಿವೃತ್ತ ಪುರಾತತ್ತ್ವ ಅಧ್ಯಾಪಕ, ಬಳ್ಳಾರಿ