ಭಾನುವಾರ ಮತಗಟ್ಟೆ ಪರಿಶೀಲನೆ

ಎಲ್ಲರಿಗೂ ನಮಸ್ಕಾರ. ಮತಗಟ್ಟೆಗಳು ಅಂಗವಿಕಲರಿಗೆ ಅನುಕೂಲವಾಗಿವೆಯಾ ಅಂತ ಈ ಭಾನುವಾರ ಬೆಳಿಗ್ಗೆ 10ಕ್ಕೆ ನೋಡಿಬರಲಿದ್ದೇವೆ. ಹೆಸರು ಕೊಟ್ಟವರು ಅಳತೆ ಟೇಪ್ ತನ್ನಿ.

ಮೊದಲು ರ‍್ಯಾಂಪ್. ಇದೆ ಅಂತ ಸುಮ್ನೆ ಟಿಕ್ ಹಾಕಬೇಡಿ, ಅಳೆಯಿರಿ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ತುಂಬಾ ಕಡಿದಾಗಿದ್ದರೆ ವೀಲ್‌ಚೇರ್ ಹಿಂದಕ್ಕೆ ಜಾರುತ್ತದೆ. ಹಿಡಿದುಕೊಳ್ಳಲು ಕಂಬಿ ಇದೆಯಾ, ಬಾಗಿಲಲ್ಲಿ ಹೊಸ್ತಿಲು ಅಡ್ಡ ಬರುತ್ತದಾ ನೋಡಿ. ಮತ ಹಾಕುವ ಮೇಜು ಕೂತವರ ಕೈಗೆ ಎಟುಕಬೇಕು. ಬೆಳಕು, ಕುರ್ಚಿ, ದೊಡ್ಡಕ್ಷರದ ಫಲಕವನ್ನೂ ಗಮನಿಸಿ.

ಅಗತ್ಯವಿದ್ದರೆ ಅಂಗವಿಕಲ ಮತದಾರರು ಮತ ಹಾಕಲು ತಾವೇ ಆರಿಸಿಕೊಂಡವರ ನೆರವು ಪಡೆಯಬಹುದು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯಲ್ಲೇ ಇದು ಇದೆ. ಸಿಬ್ಬಂದಿಗೆ ಗೊತ್ತಿದೆಯಾ ಕೇಳಿ.

ವೀಲ್‌ಚೇರ್ ಬಳಸುವ ಸದಸ್ಯರು ದಯವಿಟ್ಟು ಬನ್ನಿ. ನಮ್ಮ ಕಣ್ಣಿಗೆ ಬೀಳದ್ದು ನಿಮಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.